ಹಿಂದಿನ ಗಾಲಿಯ ಹೊಣೆ

ಸುಗ್ಗಿ ಶುರುವಾಯಿತೆಂದರೆ ಮಾನ್ವಿ–ರಾಯಚೂರು ರಸ್ತೆಗೆ ಹಗಲೂ ರಾತ್ರಿ ಬಿಡುವಿರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ಭತ್ತ ಚೀಲ ಸೇರುತ್ತದೆ, ಚೀಲ ಟ್ರೇಲರ್ ಏರುತ್ತದೆ, ಟ್ರೇಲರುಗಳು ನೀರಮಾನ್ವಿ, ಕಲ್ಲೂರು ದಾಟಿ ರಾಯಚೂರಿನ ರೈಸ್ ಮಿಲ್ಲುಗಳ ಕಡೆ ಸಾಲುಗಟ್ಟುತ್ತವೆ. ದೇವದುರ್ಗದ ಕಡೆಯಿಂದ ಗಬ್ಬೂರಿನ ಮೇಲೆ ಹಾಯ್ದು ಹತ್ತಿ ಬರುತ್ತದೆ. ಟ್ರೇಲರಿನ ಎರಡೂ ಬದಿಗೆ ಹೊಟ್ಟೆ ಬಿಟ್ಟುಕೊಂಡ ಅಂಡಿಗೆಗಳು ರಾಜೇಂದ್ರ ಗಂಜಿನ ದಾರಿ ಹಿಡಿಯುತ್ತವೆ. ಶಕ್ತಿನಗರದ ಕಡೆ ಹೋದರೆ, 1985ರಿಂದ ಕರೆಂಟು ಕೊಡುತ್ತಿರುವ ಶಾಖೋತ್ಪನ್ನ ಸ್ಥಾವರದ ಹಾರುಬೂದಿ ತುಂಬಿಕೊಂಡ ಬಲ್ಕರ್ ಲಾರಿಗಳು ಸಿಮೆಂಟ್ ಕಾರ್ಖಾನೆಗಳಿಗೆ ಹೊರಟಿರುತ್ತವೆ. ರಸ್ತೆ ಬದಿ ನಿಂತವರು ಎಂಜಿನ್ ನೋಡುತ್ತಾರೆ, ಅದಕ್ಕೆ ಕಟ್ಟಿದ ಹೂವಿನ ಹಾರ ನೋಡುತ್ತಾರೆ, ಹೇರಿದ ಮಾಲಿನ ಎತ್ತರ ನೋಡಿ ಬೆರಗಾಗುತ್ತಾರೆ. ನನ್ನ ಕಣ್ಣು ಹೋಗುವುದು ಹಿಂದಿನ ಗಾಲಿಗೆ.

ಅಲ್ಲಿ ಕಾಣುವುದು ಬಹಳ ಸಲ ಸಂಕಟದ ನೋಟ. ಮುಂದೆ ಟ್ರ್ಯಾಕ್ಟರಿಗೆ ಎದೆಮಟ್ಟದ ದೊಡ್ಡ ಟೈರು, ಹೆಬ್ಬೆರಳು ಮುಳುಗುವಷ್ಟು ಬಟನ್ನು. ಹಿಂದೆ ಟ್ರೇಲರಿಗೆ ಯಾವುದೋ ಲಾರಿಯಿಂದ ಬಿಚ್ಚಿದ ಬೋಳು ಟೈರು. ಎಡಕ್ಕೆ ಒಂದು ಕಂಪನಿಯದು, ಬಲಕ್ಕೆ ಇನ್ನೊಂದರದು. ಒಂದರ ಪಕ್ಕೆ ಸೀಳಿ ಒಳಗಿನ ದಾರ ಹೊರಗೆ ಬಂದಿರುತ್ತದೆ. ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಟ್ರೇಲರಿಗೇನ್ರಿ, ಎಂಥಾದ್ ಹಾಕಿದ್ರೂ ನಡೀತದ." ಎಂಜಿನ್ ಇರುವುದು ಮುಂದೆ, ಸ್ಟೇರಿಂಗ್ ಇರುವುದು ಮುಂದೆ, ಹಿಂದಿನದು ಸುಮ್ಮನೆ ಎಳೆಸಿಕೊಂಡು ಬರುವ ಡಬ್ಬಿ ಎಂಬ ನಂಬಿಕೆ ಇದು. ಈ ನಂಬಿಕೆಯನ್ನು ನಾನು ಒಪ್ಪಲಾರೆ. ಗಾಡಿಯ ಟೈರುಗಳಲ್ಲಿ ಅತಿ ಹೆಚ್ಚು ಯೋಚಿಸಿ ಕೊಳ್ಳಬೇಕಾದದ್ದು ಟ್ರೇಲರಿನ ಟೈರು ಎಂದೇ ನಾನು ತಿಳಿದಿದ್ದೇನೆ.

ನಮ್ಮ ತಾತನ ಕಾಲದಲ್ಲಿ ಹಿಂದಿನ ಗಾಲಿಯನ್ನು ಯಾರೂ ಅಲಕ್ಷ್ಯ ಮಾಡುತ್ತಿರಲಿಲ್ಲ. ಬಂಡಿ ಹೂಡುವ ಮುಂಚೆ ಕಡೆಗೀಲು ಮುಟ್ಟಿ ನೋಡುವುದು, ಅಚ್ಚಿಗೆ ಕೀಲೆಣ್ಣೆ ಬಿಡುವುದು, ಗಾಲಿಯ ಕಬ್ಬಿಣದ ಪಟ್ಟಿ ಸಡಿಲಾಗಿದೆಯೋ ಎಂದು ಕಲ್ಲಿನಿಂದ ಬಡಿದು ಕೇಳುವುದು ನಿತ್ಯದ ಕೆಲಸವಾಗಿತ್ತು. ಕಾರಣ ಸರಳ. ಗಾಲಿ ಕೆಟ್ಟರೆ ಎತ್ತು ಹೇಳುತ್ತಿತ್ತು. ಹೆಗಲು ಬಾಯುತ್ತಿತ್ತು, ನಡಿಗೆ ತಗ್ಗುತ್ತಿತ್ತು, ಮಸಾರಿ ನೆಲದ ಏರಿನಲ್ಲಿ ಬಾಯಲ್ಲಿ ನೊರೆ ಬರುತ್ತಿತ್ತು. ಎತ್ತಿನ ಕಷ್ಟ ಕಂಡವನು ಗಾಲಿಯ ಕಡೆ ತಿರುಗುತ್ತಿದ್ದ. ಆಮೇಲೆ ಕಟ್ಟಿಗೆ ಗಾಲಿ ಹೋಗಿ ಟೈರಿನ ಬಂಡಿ ಬಂತು. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಜಾನುವಾರು ವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಮಾಡಿದ ಗಾಳಿಯ ಟೈರು, ಅವನ ಹೆಸರಿನ ಕಂಪನಿಯ ಮೂಲಕ ನಮ್ಮ ಎತ್ತಿನ ಬಂಡಿಗೂ ಬಂದು ಎತ್ತುಗಳ ಭಾರ ಇಳಿಸಿತು. ಅದರ ನಂತರ ಟ್ರ್ಯಾಕ್ಟರ್ ಬಂತು. ನಲವತ್ತೈದು, ಐವತ್ತು ಅಶ್ವಶಕ್ತಿಯ ಎಂಜಿನ್ ಹಿಂದಿನ ಗಾಲಿ ಎಷ್ಟೇ ಕೆಟ್ಟಿರಲಿ, ತುಟಿ ಪಿಟಕ್ಕೆನ್ನದೆ ಎಳೆದುಕೊಂಡು ಹೋಗುತ್ತದೆ. ಒಂದು ಟೈರಿನಲ್ಲಿ ಅರ್ಧ ಹವಾ ಇಳಿದಿದ್ದರೂ ಸೀಟಿನಲ್ಲಿ ಕುಳಿತವನಿಗೆ ಗೊತ್ತಾಗುವುದಿಲ್ಲ. ಮುಂದಿನ ಬಲ ಹೆಚ್ಚಿದಷ್ಟೂ ಹಿಂದಿನ ದೋಷ ಮುಚ್ಚಿಹೋಗುತ್ತದೆ. ಎತ್ತು ಹೇಳುತ್ತಿದ್ದ ಮಾತನ್ನು ಈಗ ನಾವೇ ಕಣ್ಣಿಟ್ಟು, ಕೈಯಿಟ್ಟು, ಲೆಕ್ಕ ಹಾಕಿ ತಿಳಿದುಕೊಳ್ಳಬೇಕು. ನನಗೆ ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ.

ಬೇಸಿಗೆ ಭತ್ತದ ಕೊಯ್ಲು ಹತ್ತಿರ ಬಂದಾಗ ಊರಿನಿಂದ ನಮ್ಮಣ್ಣ ಫೋನ್ ಮಾಡಿದ. ಟ್ರೇಲರಿನ ನಾಲ್ಕೂ ಟೈರು ಮುಗಿದಿವೆ, ರಾಯಚೂರಿಗೆ ಬರುತ್ತೇನೆ, ನೀನೂ ಬಾ ಎಂದ. ಇಬ್ಬರೂ ಕೂಡಿ ಹೋದ ಅಂಗಡಿಯಲ್ಲಿ ಟೈರುಗಳು ಛತ್ತಿನವರೆಗೆ ಒಟ್ಟಿದ್ದವು. ಹೊಸ ರಬ್ಬರಿನ ವಾಸನೆ ರಸ್ತೆಯವರೆಗೆ ಬರುತ್ತಿತ್ತು. ಗಲ್ಲಾದ ಮೇಲಿದ್ದ ಸಾವಕಾರರು ರೇಟು ಹೇಳುವ ಮೊದಲು ಒಂದು ಪ್ರಶ್ನೆ ಕೇಳಿದರು: "ಕಾಟಾ ಚೀಟಿ ಅದ ಏನ್ರಿ?"

ಅಣ್ಣನ ಜೇಬಿನಲ್ಲಿ ಹಿಂದಿನ ಸುಗ್ಗಿಯ ತೂಕದ ಚೀಟಿ ಇತ್ತು. ಸಾವಕಾರರು ಅದನ್ನು ಗಲ್ಲಾದ ಮೇಲೆ ಬಿಡಿಸಿಟ್ಟು, ಪೆನ್ನಿನಿಂದ ಪಕ್ಕದಲ್ಲೇ ಲೆಕ್ಕ ಬರೆದರು. ನಮ್ಮ ಕಡೆ ಭತ್ತದ ಒಂದು ಚೀಲಕ್ಕೆ 75 ಕಿಲೋ. ನೂರು ಚೀಲ ಹೇರಿದರೆ ಏಳೂವರೆ ಟನ್ನು. ಟ್ರೇಲರಿನ ಸ್ವಂತ ಕಬ್ಬಿಣದ ತೂಕ ಎರಡು ಟನ್ ಹಿಡಿದರೆ ಒಟ್ಟು ಒಂಬತ್ತೂವರೆ. ನಾಲ್ಕು ಗಾಲಿಯ ಟ್ರೇಲರ್ ಆದ್ದರಿಂದ ಅಷ್ಟನ್ನೂ ಅದರ ಗಾಲಿಗಳೇ ಹೊರಬೇಕು. ಎರಡು ಗಾಲಿಯದಾದರೆ ಒಂದಿಷ್ಟು ಭಾರ ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಮೇಲೆ ಬೀಳುತ್ತಿತ್ತು. ಒಂಬತ್ತೂವರೆ ಟನ್ನನ್ನು ನಾಲ್ಕರಿಂದ ಭಾಗಿಸಿದರೆ ಒಂದೊಂದು ಟೈರಿನ ಪಾಲಿಗೆ 2375 ಕಿಲೋ. ಇದು ಸಪಾಟು ನೆಲದಲ್ಲಿ, ಮಾಲು ಸರಿಯಾಗಿ ಹಂಚಿ ಹೇರಿದಾಗಿನ ಲೆಕ್ಕ. ರಸ್ತೆ ಒಂದು ಬದಿಗೆ ವಾಲಿದಾಗ, ಗುಂಡಿಗೆ ಇಳಿದಾಗ ಅದೇ ಟೈರಿನ ಮೇಲೆ ಇನ್ನೂ ಹೆಚ್ಚು ಬೀಳುತ್ತದೆ.

"ಮೊದಲ ತೂಕ ನೋಡ್ರಿ, ಆಮೇಲೆ ಟಾಯರ್ ನೋಡ್ರಿ. ಎಲ್ಲಾರೂ ಉಲ್ಟಾ ಮಾಡ್ತಾರ" ಎಂದರು ಸಾವಕಾರರು. ಟೈರು ಕೊಳ್ಳುವ ಕೆಲಸ ಕಾಟಾದ ಮೇಲೆ ಶುರುವಾಗಬೇಕು ಎಂಬ ಈ ಮಾತು ನನಗೆ ಬಹಳ ಹಿಡಿಸಿತು.

ಟೈರಿನ ಪಕ್ಕೆಯ ಮೇಲೆ ಎಲ್ಲವೂ ಬರೆದಿರುತ್ತದೆ, ನಾವು ಓದುವುದಿಲ್ಲ. ಅಂಗಡಿಯ ಹುಡುಗ ಒಂದು ಟೈರನ್ನು ಉರುಳಿಸಿ ತಂದು ನಿಲ್ಲಿಸಿದ, ಬೆರಳಿಟ್ಟು ಓದಿದೆವು. 9.00-16 ಎಂದರೆ ಅಗಲ ಒಂಬತ್ತು ಇಂಚು, ಕೂರುವ ಡಿಸ್ಕು ಹದಿನಾರು ಇಂಚು. ನಡುವಿನ ಗೀಟು ನೈಲಾನ್ ಟೈರಿನ ಗುರುತು. ಅಲ್ಲಿ 'ಆರ್' ಅಕ್ಷರ ಇದ್ದರೆ ರೇಡಿಯಲ್. ಅದರ ಪಕ್ಕದಲ್ಲಿ 16 ಪಿಆರ್. ಇದನ್ನು ಹದಿನಾರು ಪದರ ಎಂದೇ ಬಹಳ ಜನ ತಿಳಿದಿದ್ದಾರೆ. ಹಿಂದೆ ಟೈರಿನ ಒಳಗೆ ಹತ್ತಿ ನೂಲಿನ ಬಟ್ಟೆಯ ಪದರಗಳಿರುತ್ತಿದ್ದವು; ಎಷ್ಟು ಪದರವೋ ಅಷ್ಟು ಬಲ. ಆಮೇಲೆ ನೈಲಾನ್ ಬಂದು ಕಡಿಮೆ ಪದರದಲ್ಲೇ ಅಷ್ಟು ಬಲ ಸಿಗತೊಡಗಿತು, ಆದರೆ ಅಳತೆಯ ಲೆಕ್ಕ ಹತ್ತಿಯದೇ ಉಳಿಯಿತು. ಹದಿನಾರು ಪದರ ಹತ್ತಿ ಬಟ್ಟೆಗೆ ಸಮನಾದ ಬಲ ಎಂದು ಅದರ ಅರ್ಥ. ಹತ್ತಿ ಬೆಳೆದು ಮಾರಿ ಬದುಕುವ ಊರಿನ ಟೈರಿನಂಗಡಿಯಲ್ಲಿ ನಿಂತು ಇದನ್ನು ತಿಳಿದುಕೊಂಡಾಗ ಖುಷಿಯಾಯಿತು.

ಅದರಾಚೆ ಭಾರದ ಸಂಖ್ಯೆ, ಅದಕ್ಕೆ ಅಂಟಿದ ವೇಗದ ಅಕ್ಷರ. ಭಾರದ ಸಂಖ್ಯೆ 140 ಇದ್ದರೆ ಟೈರು 2500 ಕಿಲೋ ಹೊರುತ್ತದೆ, 146 ಇದ್ದರೆ 3000 ಕಿಲೋ. ನಮ್ಮ 2375ಕ್ಕೆ 2500ರ ಟೈರು ಲೆಕ್ಕದಲ್ಲಿ ಸಾಕು, ರಸ್ತೆಯಲ್ಲಿ ಸಾಲದು. ವೇಗದ ಅಕ್ಷರವನ್ನಂತೂ ರೈತರು ಕೇಳುವುದೇ ಅಪರೂಪ. ಕೃಷಿ ಟ್ರೇಲರಿನ ಟೈರಿನ ಮೇಲೆ ಎ6 ಎಂದಿದ್ದರೆ ಅದು ಗಂಟೆಗೆ 30 ಕಿಲೋಮೀಟರಿನವರೆಗೆ ಆ ಭಾರ ಹೊರುತ್ತದೆ, ಎ8 ಎಂದಿದ್ದರೆ 40ರವರೆಗೆ. ಈಗಿನ ಟ್ರ್ಯಾಕ್ಟರುಗಳು ಒಳ್ಳೆ ಡಾಂಬರು ಸಿಕ್ಕರೆ ಮೂವತ್ತನ್ನು ಸುಲಭವಾಗಿ ದಾಟುತ್ತವೆ. ಹೊಲದ ವೇಗಕ್ಕೆಂದು ಮಾಡಿದ ಟೈರನ್ನು ಹೆದ್ದಾರಿಯ ವೇಗದಲ್ಲಿ ಓಡಿಸಿ, ಒಡೆದ ಮೇಲೆ ಕಂಪನಿಯನ್ನು ಬೈದರೆ ಏನು ಬಂತು?

ಕೊನೆಗೆ ತಯಾರಾದ ತಾರೀಖು. ಅಕ್ಷರಗಳ ಸಾಲಿನ ತುದಿಗೆ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ಮಾಡಿದ ಟೈರು. ಟ್ರೇಲರ್ ಇರುವವರು ಮಿಕ್ಕೆಲ್ಲ ಮರೆತರೂ ಈ ನಾಲ್ಕು ಅಂಕಿ ಮರೆಯಬಾರದು. ಲಾರಿಯ ಟೈರು ಓಡಿ ಸವೆದು ಸಾಯುತ್ತದೆ. ನಮ್ಮ ಟ್ರೇಲರಿನ ಟೈರು ನಿಂತು ಮುದಿಯಾಗಿ ಸಾಯುತ್ತದೆ. ಸುಗ್ಗಿಯ ಒಂದೆರಡು ತಿಂಗಳು ಜೀವ ಹೋಗುವಂತೆ ದುಡಿದು, ಉಳಿದ ಕಾಲವೆಲ್ಲ ಕಣದ ಬದಿಯ ಬಿಸಿಲಿನಲ್ಲಿ ಒಂದೇ ಮಗ್ಗುಲಿಗೆ ನಿಂತಿರುತ್ತದೆ. ಬಟನ್ನು ಹಾಗೇ ಇರುತ್ತದೆ, ರಬ್ಬರು ಒಣಗಿ ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಮುಂದಿನ ಸುಗ್ಗಿಗೆ ಬಟನ್ ನೋಡಿ ಟೈರು ಗಟ್ಟಿ ಇದೆ ಎಂದು ಮತ್ತೆ ನೂರು ಚೀಲ ಹೇರುತ್ತೇವೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು, ಹತ್ತು ವರ್ಷವಾದರೆ ಬಟನ್ ಎಷ್ಟೇ ಉಳಿದಿದ್ದರೂ ತೆಗೆಯಬೇಕು ಎಂದು ದೊಡ್ಡ ತಯಾರಕರು ಹೇಳುತ್ತಾರೆ. ರಾಯಚೂರಿನ ಬಿಸಿಲಿಗೆ ಹತ್ತು ವರ್ಷ ದೂರದ ಮಾತು ಎಂಬುದು ನನ್ನ ಅಭಿಪ್ರಾಯ.

ನೈಲಾನೋ ರೇಡಿಯಲ್ಲೋ ಎಂಬ ಚರ್ಚೆ ಚಹಾ ಬರುವವರೆಗೂ ನಡೆಯಿತು. ನೈಲಾನ್ ಟೈರಿನಲ್ಲಿ ದಾರಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದಿರುತ್ತವೆ; ಪಕ್ಕೆ ದಪ್ಪ, ಕಲ್ಲಿಗೆ, ಕೊಯ್ತಕ್ಕೆ ತಡೆಯುತ್ತದೆ, ಆದರೆ ಓಡಿದಷ್ಟೂ ಬಿಸಿಯಾಗುತ್ತದೆ. ರೇಡಿಯಲ್‌ನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ, ಬಟನ್ ಕೆಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ. ತಣ್ಣಗೆ ಓಡುತ್ತದೆ, ಡೀಸೆಲ್ ಉಳಿಸುತ್ತದೆ, ಹೆಚ್ಚು ದಿನ ಬಾಳುತ್ತದೆ, ಆದರೆ ಪಕ್ಕೆ ತೆಳುವು. ಉಕ್ಕಿನ ತಂತಿಯ ಲಾರಿ ಟೈರು ತಯಾರಾಗುವುದು ನಮ್ಮ ಮೈಸೂರಿನಲ್ಲೂ. ಹಿಂದೆ ವಿಕ್ರಾಂತ್ ಎಂದು ಹೆಸರಾಗಿದ್ದ ಅಲ್ಲಿನ ಕಂಪನಿ 1997ರಲ್ಲಿ ಜೆಕೆ ಟೈರ್ ಕೈಗೆ ಹೋಯಿತು. ಹಳೆಯ ಲಾರಿ ಚಾಲಕರು ಈಗಲೂ ವಿಕ್ರಾಂತ್ ಹೆಸರು ಹೇಳುತ್ತಾರೆ.

ಆಯ್ಕೆಯನ್ನು ನಿರ್ಧರಿಸಬೇಕಾದದ್ದು ದಾರಿ. ನಮ್ಮಣ್ಣನ ಟ್ರೇಲರ್ ರಾಯಚೂರಿಗೆ ಬರುವುದು ಡಾಂಬರಿನ ಮೇಲಾದರೂ, ಅದಕ್ಕೆ ಮುಂಚೆ ಗದ್ದೆಯ ಬದುವಿನಿಂದ ಊರಿನವರೆಗೆ ಎರೆ ಹೊಲದ ಬಂಡಿದಾರಿ ಇದೆ. ಕಾಲುವೆ ಏರಿಯ ಕಲ್ಲುಗಳಿವೆ. ದಾರಿಯ ಎರಡೂ ಬದಿಗೆ ಬಳ್ಳಾರಿ ಜಾಲಿ ಹಬ್ಬಿದೆ, ಅದರ ಮುಳ್ಳು ಚಪ್ಪಲಿಯನ್ನೇ ತೂರುತ್ತದೆ. ದೇವದುರ್ಗದ ಮಸಾರಿ ನೆಲದಲ್ಲಿ ಇನ್ನೂ ಕಷ್ಟ. ಅಲ್ಲಿ ನೆಲದೊಳಗಿನ ಬೆಣಚುಕಲ್ಲು ಚೂಪಾಗಿ ಮೇಲೆದ್ದಿರುತ್ತದೆ, ಟೈರಿನ ಪಕ್ಕೆಗೆ ತಾಗಿದರೆ ಚಾಕು ಹಾಕಿದಂತೆಯೇ. ಈ ದಾರಿಗೆ ಪಕ್ಕೆ ದಪ್ಪದ ನೈಲಾನೇ ಸರಿ ಎಂದು ಅಣ್ಣ ಹೇಳಿದ, ಸಾವಕಾರರೂ ತಲೆಯಾಡಿಸಿದರು. ಪೂರಾ ಡಾಂಬರಿನ ಮೇಲೇ ಓಡುವ ಲಾರಿಗಾದರೆ ಅವರು ರೇಡಿಯಲ್ಲನ್ನೇ ಕೊಡುತ್ತಿದ್ದರು. ಎರಡನ್ನೂ ಕಲಸಿ ಒಂದೇ ಅಚ್ಚಿಗೆ ಹಾಕುವುದನ್ನು ಮಾತ್ರ ಯಾರು ಕೇಳಿದರೂ ಕೊಡುವುದಿಲ್ಲ ಎಂದರು. ಒಂದು ಬಾಗುವ ರೀತಿ ಬೇರೆ, ಇನ್ನೊಂದು ಬಾಗುವ ರೀತಿ ಬೇರೆ. ಭಾರ ಸಮನಾಗಿ ಹಂಚಿಕೆಯಾಗುವುದಿಲ್ಲ.

ಹಣದ ಮಾತು ಬಂದಾಗ ರಬ್ಬರ್ ಹಾಕಿಸಿದ ಟೈರಿನ ವಿಚಾರ ಎದ್ದಿತು. ಅದನ್ನು ಹೀಗಳೆಯುವವರ ಗುಂಪಿಗೆ ನಾನು ಸೇರುವುದಿಲ್ಲ. ಮೈಗಟ್ಟಿಯಿರುವ ಟೈರಿಗೆ ಒಳ್ಳೆಯ ಕಾರ್ಖಾನೆಯಲ್ಲಿ ಹೊಸ ಬಟನ್ ಹಾಕಿಸಿದರೆ ಅದು ಎರಡನೇ ಜನ್ಮ. ನಮ್ಮ ಸಾರಿಗೆ ಸಂಸ್ಥೆಯ ಬಸ್ಸುಗಳೂ ಅಂಥ ಟೈರಿನ ಮೇಲೆ ಓಡುತ್ತವೆ. ಕೇಳಬೇಕಾದದ್ದು ಒಳಮೈ ಹೇಗಿದೆ ಎಂದು. ಅದನ್ನು ನೋಡುವ ಬಗೆಯನ್ನು ತೋರಿಸಿದವರು ಅಂಗಡಿಯ ಹಿಂಬದಿ ಕುಳಿತು ಕೆಲಸ ಮಾಡುವ ಚಾಚಾ. ಅವರು ಒಂದು ಹಳೇ ಟೈರನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಬಲಗೈಯನ್ನು ಒಳಗೆ ಹಾಕಿ, ಅಂಗೈಯನ್ನು ಒಳಗೋಡೆಗೆ ಒತ್ತಿ ನಿಧಾನವಾಗಿ ಸುತ್ತ ಸವರಿದರು. ಕಣ್ಣು ಮುಚ್ಚಿದ್ದರು. ಒಂದು ಕಡೆ ಕೈ ನಿಂತಿತು. ಹೊರಗಿನಿಂದ ಆ ಜಾಗ ಚೊಕ್ಕವಾಗಿತ್ತು. ನನ್ನ ಕೈಯನ್ನು ಹಿಡಿದು ಅಲ್ಲಿಗೇ ಇಟ್ಟರು. ಗೋಲಿಯಷ್ಟು ಉಬ್ಬು, ಅದರ ಪಕ್ಕದಲ್ಲಿ ದಾರ ಕಡಿದು ಒರಟಾದ ಒಂದು ಗೆರೆ. "ಹವಾ ಇಲ್ದೇ ಓಡಿಸ್ಯಾರ ಇದನ್ನ. ಮ್ಯಾಲ ರಬ್ಬರ್ ಹಾಕಿದ್ರ ಹೊಸಾದ್ ಕಾಣ್ತದ. ಒಳಗ ಸತ್ತದ" ಎಂದರು. ಇಂಥ ಟೈರಿಗೆ ಹೊಸ ಬಟನ್ ಹಾಕಿ ಟ್ರೇಲರಿಗೆ ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ. ಟ್ರೇಲರ್ ತಾನೇ ಎಂಬ ಅದೇ ಮಾತು ಇಬ್ಬರಿಗೂ ಧೈರ್ಯ ಕೊಡುತ್ತದೆ.

ಚಾಚಾ ಹೇಳಿದ ಹವಾದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಾರ ಹೊರುವುದು ಬಹುಪಾಲು ಟೈರಿನೊಳಗೆ ಒತ್ತಿಟ್ಟ ಹವಾ. ರಬ್ಬರು, ದಾರ, ತಂತಿ ಎಲ್ಲ ಆ ಹವಾವನ್ನು ಹಿಡಿದಿಡುವ ಪಾತ್ರೆ. ಹವಾ ಕಡಿಮೆಯಾದರೆ ಟೈರಿನ ಪಕ್ಕೆ ಗಾಲಿಯ ಒಂದೊಂದು ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ. ಮಡಚಿದಷ್ಟೂ ಕಾವು. ಕಾವೇರಿದಷ್ಟೂ ರಬ್ಬರಿಗೂ ದಾರಕ್ಕೂ ಇರುವ ಅಂಟು ಬಿಡುತ್ತದೆ. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಏಪ್ರಿಲ್–ಮೇ ತಿಂಗಳಲ್ಲಿ ಡಾಂಬರು ಗಾಳಿಗಿಂತ ಎಷ್ಟೋ ಹೆಚ್ಚು ಸುಡುತ್ತಿರುತ್ತದೆ. ಕೆಳಗಿನಿಂದ ಆ ಕಾವು, ಒಳಗಿನಿಂದ ಈ ಕಾವು. ಮಧ್ಯಾಹ್ನದ ಹೊತ್ತು ಟೈರು ಒಡೆದು ಹೆದ್ದಾರಿಯ ತುಂಬ ರಬ್ಬರಿನ ಚಕ್ಕೆಗಳು ಬಿದ್ದಿರುವುದು ಇದರಿಂದ. ಆದ್ದರಿಂದ ಹವಾ ನೋಡಿಸಬೇಕಾದದ್ದು ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ, ಟೈರು ತಣ್ಣಗಿದ್ದಾಗ. ಓಡಿ ಬಿಸಿಯಾದ ಟೈರಿನಲ್ಲಿ ಪೌಂಡು ಹೆಚ್ಚು ತೋರಿಸುವುದು ಸಹಜ. ಅದನ್ನು ಕಂಡು ಹವಾ ಬಿಡುವುದು ನಮ್ಮ ಕಡೆ ರೂಢಿ. ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯಾಗುತ್ತದೆ, ಮರುದಿನ ಅದೇ ಟೈರು ಇನ್ನೂ ಹೆಚ್ಚು ಕಾಯುತ್ತದೆ. ಸುಗ್ಗಿ ಮುಗಿದ ಮೇಲೆ ಟ್ರೇಲರಿಗೆ ಜಾಕ್ ಕೊಟ್ಟು, ಅಚ್ಚಿನ ಕೆಳಗೆ ಕಲ್ಲು ಇಟ್ಟು, ಗಾಲಿ ನೆಲ ಬಿಡುವಂತೆ ನಿಲ್ಲಿಸಿ ಮೇಲೆ ತಾಡಪತ್ರಿ ಹೊದಿಸಿದರೆ ಟೈರಿನ ಆಯುಷ್ಯ ಎಷ್ಟೋ ಹೆಚ್ಚುತ್ತದೆ. ಖರ್ಚಿಲ್ಲದ ಕೆಲಸ.

ಟ್ರ್ಯಾಕ್ಟರಿನ ಟ್ರೇಲರಿಗೇ ಇಷ್ಟು ಚಿಂತೆಯಾದರೆ ಶಕ್ತಿನಗರದ ಬಲ್ಕರಿನವರ ಪಾಡು ಯೋಚಿಸಿ. ನಮ್ಮ ಪರಿಚಯದ ಒಬ್ಬ ಚಾಲಕ ದೇವದುರ್ಗದವನು. ಬೂದಿ ತುಂಬಿಕೊಂಡು ಹೊರಡುವ ಮುಂಚೆ ರಸ್ತೆ ಬದಿಯ ಧಾಬಾದಲ್ಲಿ ಗಾಡಿ ನಿಲ್ಲಿಸಿದ್ದಾಗ ಸಿಕ್ಕ. ಆ ಗಾಡಿಯಲ್ಲಿ ಎಂಜಿನ್ ಭಾಗ ಬೇರೆ, ಟ್ರೇಲರ್ ಭಾಗ ಬೇರೆ. ಮುಂದಿನದರ ಬೆನ್ನ ಮೇಲೆ ಗ್ರೀಸ್ ಬಳಿದ ದಪ್ಪ ಉಕ್ಕಿನ ತಟ್ಟೆ, ಅದೇ ಫಿಫ್ತ್ ವೀಲ್. ಟ್ರೇಲರಿನ ತಳದಿಂದ ಇಳಿದ ಎರಡಿಂಚು ದಪ್ಪದ ಕಿಂಗ್‌ಪಿನ್ ಅದರ ಬಾಯೊಳಗೆ ಹೋಗಿ ಲಾಕ್ ಆಗುತ್ತದೆ. ಟ್ರೇಲರಿನ ಮುಂಭಾಗದ ಭಾರವನ್ನು ಆ ತಟ್ಟೆ ಹೊರುತ್ತದೆ, ಹಿಂಭಾಗದ್ದನ್ನು ಮೂರು ಅಚ್ಚುಗಳು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಭಾರದ ಮಿತಿ ಏರಿಸಿದ ಮೇಲೆ ಮೂರು ಅಚ್ಚಿನ ಗುಂಪು 27 ಟನ್ ಹೊರಬಹುದು. ಹನ್ನೆರಡು ಟೈರಿಗೆ ಹಂಚಿದರೆ ಒಂದೊಂದಕ್ಕೆ 2250 ಕಿಲೋ. ಟೈರುಗಳು ಜೋಡಿಜೋಡಿಯಾಗಿರುತ್ತವೆ. ಜೋಡಿಯಲ್ಲಿ ಒಳಗಿನದರ ಹವಾ ಇಳಿದರೆ ಹೊರಗಿನದು ನಾಲ್ಕೂವರೆ ಟನ್ ಹೊತ್ತುಕೊಂಡು ನಿಂತಿರುತ್ತದೆ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ.

ಅವನು ಕ್ಯಾಬಿನ್ನಿನಿಂದ ಒಂದು ಕಬ್ಬಿಣದ ರಾಡು ತೆಗೆದುಕೊಂಡು ಇಳಿದ. ಟ್ರೇಲರಿನ ಎಡಬದಿಯಿಂದ ಶುರುಮಾಡಿ ಒಂದೊಂದು ಟೈರಿಗೂ ಬಡಿಯುತ್ತ ಹೋದ. ಹೊರಗಿನದಕ್ಕೆ ಒಂದೇಟು, ಬಗ್ಗಿ ಸಂದಿಯಲ್ಲಿ ರಾಡು ತೂರಿಸಿ ಒಳಗಿನದಕ್ಕೆ ಒಂದೇಟು. ಹವಾ ತುಂಬಿದ ಟೈರು ರಾಡನ್ನು ಪುಟಿಸಿ ಗಟ್ಟಿ ದನಿ ಕೊಡುತ್ತಿತ್ತು. ಬಲಬದಿಯ ನಡುವಿನ ಅಚ್ಚಿನಲ್ಲಿ ಒಳಗಿನ ಟೈರು ದಪ್ ಎಂದಿತು. ಅವನು ನಿಂತು ಮತ್ತೊಮ್ಮೆ ಬಡಿದ. ಜೋಡಿಯ ನಡುವೆ ಮುಷ್ಟಿ ಗಾತ್ರದ ಕಲ್ಲು ಸಿಕ್ಕಿಕೊಂಡು ಒಳಗಿನ ಟೈರಿನ ಪಕ್ಕೆ ತಿಂದಿತ್ತು. "ಸೀಟಿನ ಮ್ಯಾಲ ಕುಂತ್ರ ಇದ್ಯಾವ್ದೂ ತಿಳಿಯಂಗಿಲ್ರಿ ಸರ್. ಹಿಂದ ಬೆಂಕಿ ಹತ್ತಿದ್ರೂ ಬಾಜೂ ಗಾಡಿಯವ್ರು ಹೇಳಿದ್ರನ ತಿಳಿಯೋದು" ಎಂದ. ಗಾಡಿ ಹೊರಡುವುದನ್ನು ನಿಲ್ಲಿಸಿ ಪಂಕ್ಚರ್ ಅಂಗಡಿಯವನನ್ನು ಕರೆಸಿದ.

ಮೂರು ಅಚ್ಚಿನ ಟ್ರೇಲರಿನಲ್ಲಿ ಟೈರು ಸವೆಯುವ ರೀತಿಯನ್ನೂ ಅವನೇ ತೋರಿಸಿದ. ಆ ಅಚ್ಚುಗಳು ತಿರುಗುವುದಿಲ್ಲ. ಗಾಡಿ ಇಕ್ಕಟ್ಟಿನಲ್ಲಿ ಹೊರಳಿದಾಗ ನಡುವಿನ ಅಚ್ಚಿನ ಸುತ್ತ ಟ್ರೇಲರ್ ತಿರುಗುತ್ತದೆ. ಮುಂದಿನ ಅಚ್ಚು ಒಂದು ಕಡೆಗೆ, ಹಿಂದಿನ ಅಚ್ಚು ಇನ್ನೊಂದು ಕಡೆಗೆ ಅಡ್ಡಡ್ಡ ಜಾರಿ ನೆಲಕ್ಕೆ ಉಜ್ಜುತ್ತವೆ. ಆ ಟೈರುಗಳ ಅಂಚು ಮೊದಲು ಹೋಗುವುದು ಅದಕ್ಕೇ. ಅಂಥ ಕಡೆ ಪಕ್ಕೆ ದುರ್ಬಲವಾದ ಟೈರು ಹಾಕಿದರೆ ಉಳಿಯುವುದಿಲ್ಲ. ಜೋಡಿಯ ಎರಡೂ ಟೈರಿನ ಎತ್ತರ ಒಂದೇ ಇರಬೇಕೆಂದೂ ಅವನು ಹಠ ಹಿಡಿಯುತ್ತಾನೆ. ಒಂದು ಹೊಸದು ಒಂದು ಸವೆದದ್ದು ಹಾಕಿದರೆ ಎತ್ತರದ್ದೇ ಭಾರ ಹೊತ್ತು ಬೇಗ ಸಾಯುತ್ತದೆ. ಬಟನ್ ನಡುವಿನ ಗೀರುಗಳಲ್ಲಿ ತಯಾರಕರೇ ಇಟ್ಟಿರುವ, 1.6 ಮಿಲಿಮೀಟರ್ ಎತ್ತರದ ಚಿಕ್ಕ ದಿಬ್ಬಗಳಿರುತ್ತವೆ. ಬಟನ್ ಸವೆದು ಆ ದಿಬ್ಬದ ಸಮಕ್ಕೆ ಬಂದರೆ ಟೈರು ಇಳಿಸಲೇಬೇಕು. ಅವನು ಅಷ್ಟು ದಿನವೂ ಕಾಯುವುದಿಲ್ಲ.

ಹಿಂದಿನ ಗಾಲಿಯ ಈ ಕಾಳಜಿ ಹೊಸದಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಮಿಕ್ಕಿ ಉದ್ದದ ಒಂದು ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನ. ಆ ಕಲ್ಲನ್ನು ಹೇಗೆ ತಂದರು ಎಂಬ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ: ಗಟ್ಟಿ ಗಾಲಿಗಳ ಬಂಡಿಯ ಮೇಲೆ ಕಲ್ಲು, ಮುಂದೆ ಉದ್ದಕ್ಕೆ ಕೋಣಗಳ ಸಾಲು, ಅವನ್ನು ಹುರಿದುಂಬಿಸುವ ಜನ. ಹಿಂದೆ, ಗಾಲಿಗಳ ಹತ್ತಿರ, ಸನ್ನೆಗೋಲು ಹಾಕಿ ಮೀಟುತ್ತಿರುವ ಆಳುಗಳು. ಭಾರ ಸಾಗಿಸುವ ಕೆಲಸದಲ್ಲಿ ಹಿಂದಿನ ಗಾಲಿಗೆ ನಿಂತವರನ್ನು ಆ ಶಿಲ್ಪಿ ಮರೆಯಲಿಲ್ಲ ಎಂಬುದಕ್ಕೆ ನಾನು ಅವನಿಗೆ ಋಣಿ. ಏಳು ಶತಮಾನದ ಹಿಂದಿನ ಜನಕ್ಕೆ ಗೊತ್ತಿದ್ದದ್ದು ನಮಗೆ ಏಕೆ ಮರೆತುಹೋಗಬೇಕು?

ಮರೆಯಬಾರದ ಇನ್ನೊಂದು ಕಾರಣ ನಮ್ಮ ಕಣ್ಣೆದುರಿಗೇ ಇದೆ. ಟ್ರೇಲರಿನಲ್ಲಿ ಭತ್ತ, ಹತ್ತಿ ಮಾತ್ರ ಹೋಗುವುದಿಲ್ಲ. ಮಾನ್ವಿಯಲ್ಲಿ ನಾಟಿಗೆ, ದೇವದುರ್ಗದಲ್ಲಿ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಬೆಳ್ಳಂಬೆಳಿಗ್ಗೆ ಹೋಗುವ ಹೆಣ್ಣುಮಕ್ಕಳು ಅದೇ ಟ್ರೇಲರಿನಲ್ಲಿ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಾರೆ. ಜಾತ್ರೆಗೆ, ಮದುವೆಗೆ ಊರಿಗೆ ಊರೇ ಅದರಲ್ಲಿ ಹೋಗುತ್ತದೆ. ಕಾನೂನು ಇದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು. ಬಸ್ಸಿಲ್ಲದ ಹೊಲಗಳ ದಾರಿಯಲ್ಲಿ ಅದು ನಡೆದೇ ಇದೆ. ಕಾಲುವೆ ಏರಿಯ ಮೇಲೆ ಹಿಂದಿನ ಒಂದು ಟೈರು ಒಡೆದರೆ ಟ್ರೇಲರ್ ಯಾವ ಕಡೆಗೆ ಹೊರಳುತ್ತದೆ ಎಂದು ಯಾರೂ ಹೇಳಲಾರರು. ರಾತ್ರಿ ಹೊತ್ತು ಅದೇ ಟ್ರೇಲರಿನ ಹಿಂದೆ ಮೋಟರ್‌ಸೈಕಲ್ಲಿನಲ್ಲಿ ಹೆಂಡತಿ ಮಗುವನ್ನು ಕೂರಿಸಿಕೊಂಡು ಬರುತ್ತಿರುವವನಿಗೂ ಆ ಟೈರಿನ ವಯಸ್ಸು ಗೊತ್ತಿಲ್ಲ. ಅದು ಗೊತ್ತಿರಬೇಕಾದವನು ಗಾಡಿಯ ಯಜಮಾನ ಒಬ್ಬನೇ. ಮುಂದಿನ ಟೈರು ಕೆಟ್ಟರೆ ಸ್ಟೇರಿಂಗ್ ಹಿಡಿದವನಿಗೆ ತಿಳಿಯುತ್ತದೆ, ಅವನು ತನ್ನ ಜೀವಕ್ಕಾದರೂ ಬದಲಿಸುತ್ತಾನೆ. ಹಿಂದಿನ ಟೈರನ್ನು ಇನ್ನೊಬ್ಬರ ಜೀವಕ್ಕಾಗಿ ಬದಲಿಸಬೇಕಾಗುತ್ತದೆ.

ಅಣ್ಣ ನಾಲ್ಕೂ ಹೊಸ ಟೈರು ಕೊಂಡ. ಒಂದೇ ಕಂಪನಿ, ಒಂದೇ ಅಳತೆ, ಐಎಸ್‌ಐ ಗುರುತು, ಆ ವರ್ಷದ್ದೇ ತಾರೀಖು, 2375ಕ್ಕಿಂತ ಚೆನ್ನಾಗಿ ಮೇಲಿನ ಭಾರದ ಸಂಖ್ಯೆ. ಟ್ಯೂಬು, ಫ್ಲ್ಯಾಪುಗಳನ್ನೂ ಹೊಸದೇ ಹಾಕಿಸಿದ, ಹಬ್ ಬಿಚ್ಚಿಸಿ ಗ್ರೀಸ್ ತುಂಬಿಸಿದ. ರೊಕ್ಕ ಎಣಿಸಿ ಕೊಡುವಾಗ ಕೈ ಸ್ವಲ್ಪ ತಡೆಯಿತು. ಆ ಮೊತ್ತದಲ್ಲಿ ಎಷ್ಟು ಚೀಲ ಭತ್ತ ಹೋಗುತ್ತದೆ ಎಂಬ ಲೆಕ್ಕ ಯಾವ ರೈತನ ಮನಸ್ಸಿಗೂ ಬಾರದೆ ಇರುವುದಿಲ್ಲ. ಹಳೇ ಟೈರುಗಳಲ್ಲಿ ಎರಡನ್ನು ಯಾರಾದರೂ ಟ್ರೇಲರಿನವರು ಒಯ್ಯುತ್ತಾರೆ, ಒಳ್ಳೆ ರೇಟು ಕೊಡಿಸುತ್ತೇನೆ ಎಂದರು ಸಾವಕಾರರು. ಅಣ್ಣ ಆ ಎರಡರ ಒಳಗೆ ತಾನೂ ಕೈಹಾಕಿ ಸವರಿ ನೋಡಿದ. ಆಮೇಲೆ ಚಾಚಾನನ್ನು ಕರೆದು ನಾಲ್ಕರ ಪಕ್ಕೆಯನ್ನೂ ಕೊಯ್ದುಬಿಡಲು ಹೇಳಿದ.

"ಕೊಯ್ದ್ರ ರೊಕ್ಕ ಹೋಗ್ತದಲ್ರಿ ಗೌಡ್ರ" ಎಂದರು ಸಾವಕಾರರು.

"ಹೋಗ್ಲಿ ಬಿಡ್ರಿ. ನಮ್ಮ ಗಾಡಿಗಿ ಬ್ಯಾಡಾದದ್ದು ಇನ್ನೊಬ್ಬರ ಗಾಡಿಗಿ ಯಾಕ ಹತ್ತಬೇಕು?"

ಚಾಚಾ ಚಾಕು ತಂದು ನಾಲ್ಕನ್ನೂ ಕೊಯ್ದರು. ಕೊಯ್ದ ಟೈರು ದನಗಳಿಗೆ ನೀರಿಡುವ ತೊಟ್ಟಿಯಾಗುತ್ತದೆ, ಗಾರೆ ಹೊರುವ ರಬ್ಬರ್ ಪುಟ್ಟಿಯಾಗುತ್ತದೆ; ಗಾಲಿಯಾಗಿ ಮತ್ತೆ ರಸ್ತೆಗೆ ಬರುವುದಿಲ್ಲ. ಒಳ್ಳೆಯ ಟೈರು ಆರಿಸುವುದು ಅರ್ಧ ಕೆಲಸ. ಕೆಟ್ಟ ಟೈರು ಇನ್ನಾರದೋ ಟ್ರೇಲರಿನ ಕೆಳಗೆ ಹೋಗದಂತೆ ನೋಡಿಕೊಳ್ಳುವುದು ಉಳಿದರ್ಧ. ಟೈರು ಬದಲಿಸಲು ಹೊರಟ ನಮ್ಮ ಕಡೆಯ ಎಲ್ಲ ರೈತರಿಗೂ, ಗಾಡಿ ಯಜಮಾನರಿಗೂ ನಾನು ಕೇಳಿಕೊಳ್ಳುವುದು ಇದನ್ನೇ: ಕಾಟಾ ಚೀಟಿ ಹಿಡಿದು ಅಂಗಡಿಗೆ ಹೋಗಿ, ಪಕ್ಕೆಯ ಮೇಲಿನ ಬರಹ ಓದಿ ಕೊಳ್ಳಿ, ಹಳೆಯದನ್ನು ಕೊಯ್ಸಿಯೇ ಅಂಗಡಿ ಬಿಡಿ.